ಪಾದಕ್ಕೆ ತೊಂದರೆ, ಮಂಡಿಗೆ ತಂತಿ

ಕ್ರಿ.ಶ. 47ರ ಸುಮಾರಿಗೆ ರೋಮ್‌ನ ವೈದ್ಯ ಸ್ಕ್ರಿಬೋನಿಯಸ್ ಲಾರ್ಗಸ್ ಮದ್ದುಗಳ ಒಂದು ಸಂಗ್ರಹ ಬರೆದ. ಚಕ್ರವರ್ತಿ ಕ್ಲಾಡಿಯಸ್ ಬ್ರಿಟನ್ನಿನ ಮೇಲೆ ದಂಡೆತ್ತಿ ಹೋದಾಗ ಜೊತೆಗಿದ್ದ ವೈದ್ಯ ಈತ. ಬೇರು, ಸೊಪ್ಪು, ಲೋಹಗಳ ಮದ್ದುಗಳ ನಡುವೆ, ಪಾದದ ಕೀಲುಗಳು ಊದಿಕೊಂಡು ಬೆಂಕಿಯಿಟ್ಟಂತೆ ನೋಯುವ ಗೌಟ್ ಕಾಯಿಲೆಗೆ ಆತ ಹೇಳುವ ಚಿಕಿತ್ಸೆ ವಿಚಿತ್ರವಾಗಿದೆ. ನೋವು ಶುರುವಾದಾಗ ಟಾರ್ಪೀಡೊ ಎಂಬ ಕಪ್ಪು ಮೀನನ್ನು ಜೀವಂತವಾಗಿ ತಂದು ರೋಗಿಯ ಪಾದಗಳ ಕೆಳಗಿಡಬೇಕು. ರೋಗಿ ಒಣ ನೆಲದ ಮೇಲಲ್ಲ, ಅಲೆ ಬಂದು ತೋಯಿಸುವ ಕಡಲ ದಂಡೆಯ ಮೇಲೆ ನಿಲ್ಲಬೇಕು. ಪಾದವಿಡೀ, ಮೇಲೆ ಮಂಡಿಯವರೆಗೂ ಜೋಮು ಹಿಡಿಯುವ ತನಕ ಹಾಗೇ ನಿಂತಿರಬೇಕು. ಆಗ ಇದ್ದ ನೋವೂ ಹೋಗುತ್ತದೆ, ಮುಂದೆ ಬರುವುದೂ ತಪ್ಪುತ್ತದೆ ಎನ್ನುತ್ತಾನೆ ಸ್ಕ್ರಿಬೋನಿಯಸ್. ತಿಬೇರಿಯಸ್ ಚಕ್ರವರ್ತಿಯ ಬಳಿ ಗುಲಾಮಗಿರಿಯಿಂದ ಬಿಡುಗಡೆ ಹೊಂದಿ ಅಧಿಕಾರಿಯಾಗಿದ್ದ ಅಂತೇರೋಸ್ ಎಂಬಾತ ಹೀಗೆಯೇ ಗುಣಮುಖನಾದನೆಂದು ಸಾಕ್ಷಿಯನ್ನೂ ಕೊಡುತ್ತಾನೆ.

ಇಂದಿನ ಓದುಗರಿಗೆ ಇದು ನಗು ತರಿಸಬಹುದು. ಆದರೆ ಸ್ವಲ್ಪ ಗಮನಿಸಿ. ಈ ಸಲಹೆಯಲ್ಲಿ ಎಲ್ಲಿ ಇಡಬೇಕು, ಎಷ್ಟು ಹೊತ್ತು ಇಡಬೇಕು, ಯಾವಾಗ ತೆಗೆಯಬೇಕು ಎಂಬ ಮೂರೂ ವಿವರಗಳಿವೆ. ನೆಲ ಒದ್ದೆಯಿರಬೇಕು ಎಂಬ ಎಚ್ಚರವೂ ಇದೆ. ಲಕ್ವ ಹೊಡೆದು ಕಾಲೆಳೆಯುವವರಿಗೆ, ಹಿಮ್ಮಡಿ ನೋವಿನವರಿಗೆ ಇಂದು ಫಿಸಿಯೋಥೆರಪಿ ಕೇಂದ್ರಗಳಲ್ಲಿ ಎಲೆಕ್ಟ್ರೋಡ್ ಪಟ್ಟಿಗಳನ್ನು ಅಂಟಿಸುವಾಗಲೂ ಕೇಳಿಕೊಳ್ಳುವ ಪ್ರಶ್ನೆಗಳು ಇವೇ. ನಮ್ಮ ಊರುಗಳಲ್ಲಿ ಈ ಚಿಕಿತ್ಸೆಗೆ ಜನ ಇಟ್ಟ ಹೆಸರೇ ‘ಕರೆಂಟ್ ಕೊಡಿಸುವುದು’. ಕರೆಂಟ್ ಎಷ್ಟು ಕೊಟ್ಟರು ಎಂದು ರೋಗಿಗಳು ಲೆಕ್ಕ ಹಾಕುತ್ತಾರೆ. ಎಲ್ಲಿ ಕೊಟ್ಟರು ಎಂದು ಕೇಳುವವರು ಕಡಿಮೆ. ಈ ಚಿಕಿತ್ಸೆಯ ಇತಿಹಾಸವೆಂದರೆ ಬಹುಮಟ್ಟಿಗೆ ಆ ಎರಡನೆಯ ಪ್ರಶ್ನೆಯ ಇತಿಹಾಸ. ಪಾದವಿಡೀ ಮೀನಿನ ಮೇಲಿಟ್ಟು ನಿಲ್ಲುವುದರಿಂದ ಹೊರಟು, ಮಂಡಿಯ ಕೆಳಗೆ ರೂಪಾಯಿ ನಾಣ್ಯದಷ್ಟು ಜಾಗವನ್ನು ಗುರುತಿಸುವವರೆಗೆ ಬರಲು ಮನುಷ್ಯನಿಗೆ ಹದಿನೆಂಟು ಶತಮಾನಗಳೇ ಬೇಕಾದವು.

ಜಾಡಿಯೊಳಗಿನ ಮಿಂಚು

ತೊರಕೆ ಮೀನಿನ ದೂರದ ಬಳಗಕ್ಕೆ ಸೇರಿದ ಟಾರ್ಪೀಡೊ ತನ್ನ ದೇಹದಲ್ಲೇ ವಿದ್ಯುತ್ ಉತ್ಪಾದಿಸುತ್ತದೆ. ಲ್ಯಾಟಿನ್ ಭಾಷೆಯಲ್ಲಿ ಅದರ ಹೆಸರಿಗೆ ಮೂಲವಾದ ಪದದ ಅರ್ಥವೇ ಜೋಮು, ಮರಗಟ್ಟುವಿಕೆ. ಹಡಗು ಮುಳುಗಿಸುವ ಅಸ್ತ್ರಕ್ಕೆ ಆ ಹೆಸರು ಬಂದದ್ದು ಈ ಮೀನಿನಿಂದಲೇ. ಆದರೆ ಮೀನು ಕೊಡುವ ಆಘಾತ ವಿದ್ಯುತ್ತಿನದೆಂದು ರೋಮನರಿಗೆ ತಿಳಿದಿರಲಿಲ್ಲ. ಅದನ್ನು ತೋರಿಸಿಕೊಟ್ಟವನು ಇಂಗ್ಲೆಂಡಿನ ಜಾನ್ ವಾಲ್ಶ್. ಫ್ರಾನ್ಸಿನ ಲಾ ರೊಶೆಲ್ ಕರಾವಳಿಗೆ ಹೋಗಿ, 1772ರಲ್ಲಿ ಜೀವಂತ ಟಾರ್ಪೀಡೊಗಳ ಮೇಲೆ ಆತ ಪ್ರಯೋಗ ಮಾಡಿದ. ಫಲಿತಾಂಶವನ್ನು ಬೆಂಜಮಿನ್ ಫ್ರಾಂಕ್ಲಿನ್‌ಗೆ ಬರೆದ ಪತ್ರದ ರೂಪದಲ್ಲಿ ಮರುವರ್ಷ ಪ್ರಕಟಿಸಿದ.

ಫ್ರಾಂಕ್ಲಿನ್‌ಗೇ ಬರೆಯಲು ಕಾರಣವಿತ್ತು. 1745-46ರಲ್ಲಿ ಪೊಮೆರೇನಿಯಾದ ಕ್ಲೈಸ್ಟ್ ಮತ್ತು ಹಾಲೆಂಡಿನ ಲೈಡನ್ ಪಟ್ಟಣದ ಮುಶೆನ್‌ಬ್ರೂಕ್ ಬೇರೆ ಬೇರೆಯಾಗಿ ಒಂದು ಸಂಗತಿ ಕಂಡುಕೊಂಡಿದ್ದರು: ಘರ್ಷಣೆಯಿಂದ ಹುಟ್ಟಿದ ವಿದ್ಯುತ್ತನ್ನು ಗಾಜಿನ ಜಾಡಿಯಲ್ಲಿ ಕೂಡಿಡಬಹುದು, ಬೇಕೆಂದಾಗ ಒಮ್ಮೆಗೇ ಹೊರಬಿಡಬಹುದು. ‘ಲೈಡನ್ ಜಾಡಿ’ ಎಂದು ಹೆಸರಾದ ಈ ಸಾಧನ ಯುರೋಪಿನಲ್ಲಿ ಸಂತೆಯ ಆಟಿಕೆಯೂ ಆಯಿತು, ಔಷಧವೂ ಆಯಿತು. ಜಿನೀವಾದ ಜಾನ್ ಝಲಾಬೇರ್, ಕೈ ಸ್ವಾಧೀನ ತಪ್ಪಿದ ಬೀಗ ಮಾಡುವ ಕೆಲಸಗಾರನೊಬ್ಬನಿಗೆ ಕಿಡಿ ಹಾಯಿಸಿ ಚೇತರಿಕೆ ಕಂಡಿತೆಂದು 1748ರಲ್ಲಿ ಬರೆದ. ಸುದ್ದಿ ಹಬ್ಬಿತು. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಲಕ್ವ ಪೀಡಿತರು ಫ್ರಾಂಕ್ಲಿನ್‌ನ ಮನೆಬಾಗಿಲಿಗೆ ಬರತೊಡಗಿದರು.

ಫ್ರಾಂಕ್ಲಿನ್ ಚಿಕಿತ್ಸೆ ಕೊಟ್ಟದ್ದು ನಿಜ. ಆದರೆ ಅವನ ದೊಡ್ಡತನ ಕಾಣುವುದು ಅದರಲ್ಲಲ್ಲ. 1757ರ ಡಿಸೆಂಬರ್‌ನಲ್ಲಿ ಜಾನ್ ಪ್ರಿಂಗಲ್‌ಗೆ ಬರೆದ ಪತ್ರದಲ್ಲಿ ಆತ ಕಂಡದ್ದನ್ನು ಕಂಡ ಹಾಗೆ ಹೇಳಿದ್ದಾನೆ. ಸ್ವಾಧೀನವಿಲ್ಲದ ಅಂಗಕ್ಕೆ ಆಘಾತ ಕೊಟ್ಟಾಗ ಬಿಸಿಯೇರುತ್ತದೆ, ಚುಚ್ಚಿದ ಅನುಭವವಾಗುತ್ತದೆ, ಮೊದಲ ನಾಲ್ಕೈದು ದಿನ ಸ್ವಲ್ಪ ಶಕ್ತಿ ಬಂದಂತೆಯೂ ಕಾಣುತ್ತದೆ. ಐದನೆಯ ದಿನದ ಮೇಲೆ ಏನೂ ಹೆಚ್ಚುವುದಿಲ್ಲ. ರೋಗಿಗಳು ಬೇಸತ್ತು ಊರಿಗೆ ಹೋಗುತ್ತಾರೆ, ಹೋದ ಮೇಲೆ ಮತ್ತೆ ಮೊದಲಿನಂತೆ. ಕಂಡ ಅಷ್ಟಿಷ್ಟು ಗುಣವಾದರೂ ಕರೆಂಟಿನದೋ, ಅಥವಾ ಪ್ರಯಾಣದಲ್ಲಿ ಮೈಗೆ ಸಿಕ್ಕ ವ್ಯಾಯಾಮದ್ದೋ, ಗುಣವಾದೀತೆಂಬ ಆಸೆಯದೋ ಎಂದೂ ಆತ ಅನುಮಾನಿಸಿದ. ತನ್ನ ಯಂತ್ರವನ್ನೇ ಇಷ್ಟು ಅನುಮಾನದಿಂದ ನೋಡಿದ ಚಿಕಿತ್ಸಕರು ಆ ಕಾಲದಲ್ಲಿ ಅಪರೂಪ. ಈ ಕಾಲದಲ್ಲೂ ಹೆಚ್ಚಿಲ್ಲ.

ಇವರೆಲ್ಲರ ಕೈಯಲ್ಲಿದ್ದ ಜಾಡಿ ಒರಟು ಸಾಧನ. ಅದರ ಕಿಡಿ ಚರ್ಮಕ್ಕೆ ಬಡಿದು, ತನಗೆ ಸುಲಭವಾದ ದಾರಿಯಲ್ಲಿ ಹಾದು ಹೋಗುತ್ತಿತ್ತು. ಯಾವ ನರ, ಯಾವ ಸ್ನಾಯು ಎಂಬ ಪ್ರಶ್ನೆಯೇ ಏಳುತ್ತಿರಲಿಲ್ಲ.

ಆ ಪ್ರಶ್ನೆಗೆ ದಾರಿ ಮಾಡಿಕೊಟ್ಟದ್ದು ಒಂದು ಕಪ್ಪೆಯ ಕಾಲು. ಇಟಲಿಯ ಬೊಲೋನ್ಯದಲ್ಲಿ ಲುಯಿಗಿ ಗ್ಯಾಲ್ವಾನಿ 1780ರಿಂದ ನಡೆಸಿದ ಪ್ರಯೋಗಗಳಲ್ಲಿ, ಸತ್ತ ಕಪ್ಪೆಯ ತೊಡೆಯ ನರಕ್ಕೆ ಲೋಹದ ಚಾಕು ತಗುಲಿದ ಹೊತ್ತಿಗೇ ಪಕ್ಕದ ಯಂತ್ರದಲ್ಲಿ ಕಿಡಿ ಹಾರಿದರೆ ಕಾಲು ಪಟಕ್ಕನೆ ಸೆಟೆಯುತ್ತಿತ್ತು. 1791ರಲ್ಲಿ ಆತ ಇದನ್ನು ಪ್ರಕಟಿಸಿದ. ವಿದ್ಯುತ್ ಪ್ರಾಣಿಯ ಮೈಯೊಳಗಿನದೋ, ಲೋಹಗಳ ಸಂಪರ್ಕದಿಂದ ಹುಟ್ಟಿದ್ದೋ ಎಂಬ ಜಗಳದಲ್ಲಿ ವೋಲ್ಟಾ 1800ರಲ್ಲಿ ಬ್ಯಾಟರಿ ಮಾಡಿದ. ಫ್ಯಾರಡೆ 1831ರಲ್ಲಿ ವಿದ್ಯುತ್ ಪ್ರೇರಣೆ ಕಂಡುಹಿಡಿದ ಮೇಲೆ ಸುರುಳಿ ತಂತಿಯ ಪೆಟ್ಟಿಗೆಗಳು ಬಂದವು. ಕರೆಂಟನ್ನು ಹೆಚ್ಚು ಕಡಿಮೆ ಮಾಡುವುದು, ತಡೆತಡೆದು ಬಿಡುವುದು ಈಗ ಸಾಧ್ಯವಾಯಿತು. ಈ ನಡುವೆ 1825ರಲ್ಲಿ ಪ್ಯಾರಿಸಿನ ಸಾರ್ಲಾಂಡಿಯೇರ್ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಪೂರ್ವ ದೇಶಗಳಿಂದ ಬಂದ ಅಕ್ಯುಪಂಕ್ಚರ್ ಸೂಜಿಗಳಿಗೇ ವಿದ್ಯುತ್ ಹಾಯಿಸಿದ. ಗೌಟ್‌ಗೆ, ಸಂಧಿವಾತಕ್ಕೆ ಇದು ಹೊಸ ಚಿಕಿತ್ಸೆ ಎಂದು ಸಾರಿದ.

ಒದ್ದೆ ಸ್ಪಂಜಿನ ವೈದ್ಯ

ಈ ಸೂಜಿಗಳನ್ನು ಪ್ರಯತ್ನಿಸಿ ನೋಡಿ, ಆಮೇಲೆ ಕೈಬಿಟ್ಟವನೇ ಈ ಕಥೆಯ ನಿಜವಾದ ನಾಯಕ. ಹೆಸರು ಗಿಯೋಮ್ ದ್ಯೂಶೆನ್. ಫ್ರಾನ್ಸಿನ ಬೂಲೋನ್ ಎಂಬ ಬಂದರಿನಲ್ಲಿ 1806ರಲ್ಲಿ ಕಡಲಿಗರ ಮನೆಯಲ್ಲಿ ಹುಟ್ಟಿದವನು. ಹೆರಿಗೆಯ ನಂತರ ಹೆಂಡತಿ ತೀರಿಕೊಂಡಳು, ಮಗ ದೂರವಾದ. ಊರಿನ ವೈದ್ಯವೃತ್ತಿ ಬಿಟ್ಟು 1842ರಲ್ಲಿ ಪ್ಯಾರಿಸಿಗೆ ಬಂದ ದ್ಯೂಶೆನ್‌ಗೆ ಅಲ್ಲಿ ಯಾವ ಆಸ್ಪತ್ರೆಯಲ್ಲೂ ಹುದ್ದೆಯಿರಲಿಲ್ಲ. ತನ್ನ ವಿದ್ಯುತ್ ಪೆಟ್ಟಿಗೆಯನ್ನು ಹೊತ್ತುಕೊಂಡು ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆದು, ಅವರಿವರ ವಾರ್ಡುಗಳಲ್ಲಿ ರೋಗಿಗಳನ್ನು ಹುಡುಕಿ ಪರೀಕ್ಷಿಸುತ್ತಿದ್ದ. ದೊಡ್ಡ ಡಾಕ್ಟರುಗಳು ಮೊದಮೊದಲು ನಕ್ಕರು. ಮುಂದೆ ನರರೋಗ ವಿಜ್ಞಾನದ ದೊಡ್ಡ ಹೆಸರಾದ ಶಾರ್ಕೋ ಇವನನ್ನು ತನ್ನ ಗುರುವೆಂದೇ ಕರೆದ.

ದ್ಯೂಶೆನ್ ಕಂಡುಕೊಂಡದ್ದು ಹೇಳಲು ಬಹಳ ಸರಳ. ಒಣ ಚರ್ಮಕ್ಕೆ ಒಣ ಲೋಹ ತಾಗಿಸಿದರೆ ಕರೆಂಟು ಚರ್ಮದಲ್ಲೇ ಚುರ್ರೆಂದು ಉರಿಸುತ್ತದೆ. ಲೋಹದ ತುದಿಗೆ ಒದ್ದೆ ಸ್ಪಂಜು ಸುತ್ತಿ ಚರ್ಮಕ್ಕೆ ಒತ್ತಿದರೆ ಕರೆಂಟು ಕೆಳಗಿಳಿದು ಸ್ನಾಯುವನ್ನು ಮುಟ್ಟುತ್ತದೆ. ಸೂಜಿ ಚುಚ್ಚಬೇಕಿಲ್ಲ, ಚರ್ಮ ಕೊಯ್ಯಬೇಕಿಲ್ಲ. ಎರಡು ಒದ್ದೆ ತುದಿಗಳನ್ನು ಹತ್ತಿರ ಹತ್ತಿರ ಇಟ್ಟು, ಬದುಕಿರುವ ಮನುಷ್ಯನ ಒಂದೊಂದೇ ಸ್ನಾಯುವನ್ನು ಕುಣಿಸಬಹುದು! 1855ರಲ್ಲಿ ಆತ ಪ್ರಕಟಿಸಿದ ಗ್ರಂಥದ ಹೆಸರಿನಲ್ಲೇ ‘ಸ್ಥಳೀಯ’ ವಿದ್ಯುತ್ ಪ್ರಯೋಗ ಎಂಬ ಮಾತಿದೆ. ಕಡಲ ದಂಡೆಯಲ್ಲಿ ಒದ್ದೆ ಮರಳಿನ ಮೇಲೆ ನಿಲ್ಲಿಸಿದ ಸ್ಕ್ರಿಬೋನಿಯಸ್‌ಗೂ ನೀರಿನ ಈ ಗುಣ ಅರಿವಿಲ್ಲದೆಯೇ ಒದಗಿತ್ತು ಎನ್ನಬೇಕು.

ದ್ಯೂಶೆನ್‌ನನ್ನು ಜಗತ್ತು ನೆನೆಯುವುದು ಹೆಚ್ಚಾಗಿ ಎರಡು ಕಾರಣಕ್ಕೆ. ಒಂದು, ಮಕ್ಕಳ ಸ್ನಾಯುಗಳು ಸವೆಯುವ ಕಾಯಿಲೆಗೆ ಅವನ ಹೆಸರಿದೆ. ಇನ್ನೊಂದು, ಮುಖದ ಸ್ನಾಯುಗಳಿಗೆ ತಂತಿ ತಾಗಿಸಿ ನಗು, ಅಳು, ಭಯಗಳನ್ನು ಮೂಡಿಸಿ ತೆಗೆಸಿದ 1862ರ ಫೋಟೋಗಳು. ಹತ್ತು ವರ್ಷದ ಬಳಿಕ ಚಾರ್ಲ್ಸ್ ಡಾರ್ವಿನ್ ಅವುಗಳಲ್ಲಿ ಕೆಲವನ್ನು ತನ್ನ ಪುಸ್ತಕಕ್ಕೆ ಬಳಸಿಕೊಂಡ. ಆದರೆ ಅವನು ಮುಖದಷ್ಟೇ ತಾಳ್ಮೆಯಿಂದ ಪಾದವನ್ನೂ ಓದಿದ್ದ. 1867ರಲ್ಲಿ ಬಂದ ಚಲನೆಗಳ ಬಗೆಗಿನ ಅವನ ಮಹಾಗ್ರಂಥದಲ್ಲಿ ಪಾದಕ್ಕೆ ದೊಡ್ಡ ಪಾಲಿದೆ.

ಪಾದವನ್ನು ಮೇಲೆತ್ತುವುದು ಒಂದೇ ಕೆಲಸವೆಂದು ನಮಗೆ ಅನಿಸುತ್ತದೆ. ದ್ಯೂಶೆನ್ ತಂತಿ ಇಟ್ಟು ನೋಡಿದಾಗ ಹಾಗಿರಲಿಲ್ಲ. ಮೊಳಕಾಲಿನ ಮುಂಬದಿಯ ಸ್ನಾಯುವನ್ನು ಮಾತ್ರ ಎಚ್ಚರಿಸಿದರೆ ಪಾದ ಏಳುತ್ತದೆ, ಜೊತೆಗೆ ಒಳಕ್ಕೆ ತಿರುಚಿಕೊಳ್ಳುತ್ತದೆ. ಬೆರಳುಗಳನ್ನು ಎತ್ತುವ ಉದ್ದ ಸ್ನಾಯುವನ್ನು ಎಚ್ಚರಿಸಿದರೆ ಆಗಲೂ ಪಾದ ಏಳುತ್ತದೆ, ಆದರೆ ಹೊರಕ್ಕೆ ತಿರುಗುತ್ತದೆ. ಇವೆರಡೂ ಜೋಡೆತ್ತಿನಂತೆ ಒಟ್ಟಿಗೆ ಎಳೆದಾಗ ಮಾತ್ರ ಪಾದ ನೆಟ್ಟಗೆ ಮೇಲೇಳುವುದು. ಇನ್ನು ಕಾಲಿನ ಹೊರಬದಿಯಲ್ಲಿ ಇಳಿದು, ಅಂಗಾಲಿನ ಅಡಿಯಲ್ಲಿ ಅಡ್ಡಡ್ಡ ಹಾದು ಹೆಬ್ಬೆರಳಿನ ಬುಡದತ್ತ ಹೋಗುವ ಉದ್ದನೆಯ ಸ್ನಾಯುವೊಂದಿದೆ. ಪಾದದ ಕಮಾನು ನಿಲ್ಲುವುದರಲ್ಲಿ ಅದರ ಪಾತ್ರವೇನೆಂದು ತೋರಿಸಿದವನೂ ಅವನೇ. ಈ ಸ್ನಾಯು ಸೋತಾಗ ಅಂಗಾಲು ಚಪ್ಪಟೆಯಾಗಿ, ನಡೆದರೆ ನೋಯುವ ಒಂದು ಬಗೆಯ ಪಾದದೋಷ ಬರುತ್ತದೆಂದು ಆತ ವಿವರಿಸಿ, ಆ ಸ್ನಾಯುವಿಗೇ ಕರೆಂಟು ಕೊಟ್ಟು ಚಿಕಿತ್ಸೆ ಮಾಡಿದ. ತೊಂದರೆ ಅಂಗಾಲಿನಲ್ಲಿ, ಒದ್ದೆ ಸ್ಪಂಜು ಮಾತ್ರ ಮಂಡಿಗೂ ಪಾದದ ಕೀಲಿಗೂ ನಡುವೆ. ಪಾದದ ಚಿಕಿತ್ಸೆ ಮೇಲಕ್ಕೆ ಹತ್ತಿದ್ದು ಇಲ್ಲಿಂದ.

ಸ್ನಾಯುವಿನ ಮೇಲೆ ಎಲ್ಲಿ ಬೇಕಾದರೂ ಸ್ಪಂಜು ಇಟ್ಟರೆ ಅದು ಒಂದೇ ಸಮನೆ ಕುಣಿಯುವುದಿಲ್ಲವೆಂದು ದ್ಯೂಶೆನ್ ಗಮನಿಸಿದ್ದ. ಕೆಲವು ಜಾಗಗಳಲ್ಲಿ ಅಲ್ಪ ಕರೆಂಟಿಗೇ ಸ್ನಾಯು ಜಿಗಿಯುತ್ತದೆ. ಏಕೆ? ಬರ್ಲಿನ್ನಿನ ರಾಬರ್ಟ್ ರೆಮಾಕ್ ಉತ್ತರ ಕೊಟ್ಟ: ಅವು ನರ ಸ್ನಾಯುವಿನೊಳಗೆ ಪ್ರವೇಶಿಸುವ ಜಾಗಗಳು. ಈ ಮಾತನ್ನು ಸಾಬೀತು ಮಾಡಿ ನಕ್ಷೆ ಬರೆದವನು ಜರ್ಮನಿಯ ಹ್ಯೂಗೊ ಫಾನ್ ಝೀಮ್ಸೆನ್. ಅವನ ಕ್ರಮ ಕೇಳಿದರೆ ಮೈ ನಡುಗುತ್ತದೆ. ಸಾವಿನಂಚಿನಲ್ಲಿದ್ದ ರೋಗಿಗಳ ಮೈಮೇಲೆ ಕರೆಂಟು ಹಾಯಿಸಿ, ಸ್ನಾಯು ಚೆನ್ನಾಗಿ ಓಗೊಡುವ ಬಿಂದುಗಳನ್ನು ಚರ್ಮದ ಮೇಲೆ ಸಿಲ್ವರ್ ನೈಟ್ರೇಟ್‌ನಿಂದ ಕಪ್ಪಾಗಿ ಗುರುತು ಮಾಡುತ್ತಿದ್ದ. ಅವರು ತೀರಿಕೊಂಡ ಮೇಲೆ ಆ ಗುರುತಿನ ಕೆಳಗೆ ಕೊಯ್ದು ನರ ಇದೆಯೇ ಎಂದು ನೋಡುತ್ತಿದ್ದ. ಇತ್ತು. 1857ರಲ್ಲಿ ಅವನ ಪುಸ್ತಕ ಬಂತು. ಇಂದಿನ ಫಿಸಿಯೋಥೆರಪಿ ವಿದ್ಯಾರ್ಥಿಗಳು ಬಾಯಿಪಾಠ ಮಾಡುವ ‘ಮೋಟಾರ್ ಪಾಯಿಂಟ್’ ಚಿತ್ರಪಟಗಳ ಬೇರು ಅಲ್ಲಿದೆ. ಹಾಗೆ ಗುರುತು ಹಾಕಿಸಿಕೊಂಡವರ ಒಪ್ಪಿಗೆ ಕೇಳುವ ರೂಢಿ ಅಂದಿರಲಿಲ್ಲ.

ಸೂತ್ರದ ಗೊಂಬೆ

ಪಾದದ ತೊಂದರೆಗೆ ಮಂಡಿಯ ಹತ್ತಿರ ಏಕೆ ತಂತಿ ಇಡುತ್ತಾರೆ ಎಂಬುದನ್ನು ಅರಿಯಲು ಸೂತ್ರದ ಗೊಂಬೆಯನ್ನು ನೆನೆದರೆ ಸಾಕು. ಗೊಂಬೆಯ ಕಾಲು ಕುಣಿಯುವುದು ರಂಗದ ಮೇಲೆ, ದಾರ ಎಳೆಯುವ ಕೈ ಇರುವುದು ಮೇಲೆ. ಪಾದವನ್ನು ಎತ್ತುವ, ಇಳಿಸುವ, ತಿರುಗಿಸುವ ದೊಡ್ಡ ಸ್ನಾಯುಗಳೆಲ್ಲ ಮಂಡಿಗೂ ಪಾದದ ಕೀಲಿಗೂ ನಡುವೆ ಇವೆ. ಪಾದಕ್ಕೆ ಇಳಿದು ಬರುವುದು ಅವುಗಳ ದಾರಗಳಂಥ ಸ್ನಾಯುರಜ್ಜುಗಳು ಮಾತ್ರ. ಆ ಸ್ನಾಯುಗಳಿಗೆ ಆಜ್ಞೆ ತರುವ ನರಗಳು ಇನ್ನೂ ಮೇಲಿಂದ, ಸೊಂಟದಿಂದ ಬರುತ್ತವೆ.

ಮಂಡಿಯ ಹೊರಬದಿಯಲ್ಲಿ, ಸ್ವಲ್ಪ ಕೆಳಗೆ ಕೈಯಾಡಿಸಿ ನೋಡಿ. ಎಲುಬಿನ ಒಂದು ಗಂಟು ಬೆರಳಿಗೆ ಸಿಗುತ್ತದೆ. ಅದು ಫಿಬುಲಾ ಎಂಬ ತೆಳು ಎಲುಬಿನ ತಲೆ. ಅದರ ಕೊರಳಿಗೆ ಸುತ್ತಿಕೊಂಡು, ಚರ್ಮಕ್ಕೆ ತೀರ ಹತ್ತಿರದಲ್ಲಿ ಪೆರೋನಿಯಲ್ ನರ ಹಾದು ಹೋಗುತ್ತದೆ. ಚಕ್ಕಂಬಕ್ಕಳ ಹಾಕಿ ಬಹಳ ಹೊತ್ತು ಊಟಕ್ಕೆ ಕುಳಿತಾಗ, ಕಾಲ ಮೇಲೆ ಕಾಲು ಹಾಕಿ ಬಸ್ಸಿನಲ್ಲಿ ನಿದ್ದೆ ಹೋದಾಗ ಕಾಲಿನ ಹೊರಬದಿ ಮತ್ತು ಪಾದದ ಮೇಲ್ಭಾಗಕ್ಕೆ ಜೋಮು ಹಿಡಿಯುತ್ತದಲ್ಲ, ಒತ್ತಡಕ್ಕೆ ಸಿಕ್ಕಿದ್ದು ಹೆಚ್ಚಾಗಿ ಈ ನರ. ಇದು ಮುಂದೆ ಎರಡು ಕವಲಾಗುತ್ತದೆ. ಒಂದು ಕವಲು ಪಾದವನ್ನು ಮೇಲೆತ್ತುವ ಸ್ನಾಯುಗಳಿಗೆ, ಇನ್ನೊಂದು ಹೊರಕ್ಕೆ ತಿರುಗಿಸುವ ಸ್ನಾಯುಗಳಿಗೆ.

ಎಲೆಕ್ಟ್ರೋಡ್ ಪಟ್ಟಿಯನ್ನು ಒಂದು ಬೆರಳಗಲ ಸರಿಸಿದರೆ ಪರಿಣಾಮ ಬೇರೆಯಾಗುವುದು ಇದಕ್ಕೇ. ಸಾಮಾನ್ಯ ಕ್ರಮದಲ್ಲಿ ಒಂದು ಪಟ್ಟಿ ಈ ಗಂಟಿನ ಕೆಳಗೆ ನರದ ಮೇಲೆ, ಇನ್ನೊಂದು ಮೊಳಕಾಲಿನ ಮುಂಬದಿಯಲ್ಲಿ, ಎಲುಬಿನ ಅಂಚಿನ ಹೊರಗೆ ಇರುವ ಸ್ನಾಯುವಿನ ಮೇಲೆ. ಪಾದ ಏಳುವಾಗ ವಿಪರೀತ ಹೊರಕ್ಕೆ ತಿರುಗುತ್ತಿದ್ದರೆ ಪಟ್ಟಿಗಳ ಜಾಗ ಸ್ವಲ್ಪ ಬದಲಿಸುತ್ತಾರೆ, ಇಲ್ಲವೇ ಧನ ಋಣಗಳನ್ನು ಅದಲುಬದಲು ಮಾಡುತ್ತಾರೆ. ಒಳಕ್ಕೆ ತಿರುಚಿದರೆ ಕಾಲು ಉಳುಕುವ ಅಪಾಯ, ಹಾಗಾಗಿ ತುಸು ಹೊರಕ್ಕೆ ತಿರುಗುವುದೇ ಮೇಲು. ದ್ಯೂಶೆನ್ ಹೇಳಿದ ಜೋಡೆತ್ತನ್ನು ಹದಕ್ಕೆ ತರುವ ಕೆಲಸ ಇದು. ಮೇಲಿನ ಪಟ್ಟಿಯನ್ನು ಮಂಡಿಯ ಹಿಂಬದಿಯ ಗುಳಿಯತ್ತ ಸರಿಸಿದರೆ, ಮುಳ್ಳು ತುಳಿದಾಗ ಕಾಲನ್ನು ಹಿಂದಕ್ಕೆಳೆದುಕೊಳ್ಳುತ್ತೇವಲ್ಲ, ಆ ಬಗೆಯ ಪ್ರತಿಕ್ರಿಯೆ ಬಂದು ಮಂಡಿ, ಸೊಂಟ ಕೂಡ ಬಾಗಬಹುದು. ಕೆಲವು ರೋಗಿಗಳಿಗೆ ಬೇಕೆಂದೇ ಹಾಗೆ ಮಾಡುವುದುಂಟು.

ಅಂಗಾಲಿಗೆ ಹೋಗುವ ನರ ಬೇರೆ. ಅದು ಟಿಬಿಯಲ್ ನರ. ಮೀನಖಂಡದ ಆಳದಲ್ಲಿ ಇಳಿದು, ಪಾದದ ಕೀಲಿನ ಒಳಬದಿಯಲ್ಲಿ ಉಬ್ಬಿ ನಿಂತ ಎಲುಬಿನ ಹಿಂದೆ ಹೊರಗಿನ ಸ್ಪರ್ಶಕ್ಕೆ ಸಿಗುತ್ತದೆ. ಅಲ್ಲಿ ಪಟ್ಟಿ ಇಟ್ಟರೆ ಅಂಗಾಲಿನಲ್ಲಿ ಜುಮುಜುಮು ಹರಡುತ್ತದೆ, ಕರೆಂಟು ಹೆಚ್ಚಿಸಿದರೆ ಬೆರಳುಗಳು ಕೆಳಕ್ಕೆ ಬಾಗುತ್ತವೆ. ಇದೇ ಜಾಗದ ಇನ್ನೊಂದು ಉಪಯೋಗ ಪಾದಕ್ಕೆ ಸಂಬಂಧಿಸಿದ್ದೇ ಅಲ್ಲ. ಈ ನರದ ಬೇರುಗಳು ಬೆನ್ನುಹುರಿಯಲ್ಲಿ ಮೂತ್ರಕೋಶದ ನರಗಳ ನೆರೆಯಲ್ಲೇ ಸೇರುವುದರಿಂದ, ಇಲ್ಲಿ ಕರೆಂಟು ಕೊಟ್ಟು ಮೂತ್ರದ ಅವಸರವನ್ನು ತಗ್ಗಿಸಬಹುದೆಂದು ಅಮೆರಿಕದ ಮೆಕ್‌ಗ್ವಾಯರ್ ಮತ್ತು ಸಂಗಡಿಗರು 1983ರಲ್ಲಿ ವರದಿ ಮಾಡಿದರು. ಆ ಚಿಕಿತ್ಸೆ ಇಂದೂ ಬಳಕೆಯಲ್ಲಿದೆ.

ಹಿಮ್ಮಡಿಯ ಸ್ವಿಚ್ಚು

ಹತ್ತೊಂಬತ್ತನೆಯ ಶತಮಾನದ ಕೊನೆಗೆ ಈ ವಿದ್ಯೆಗೆ ಕೆಟ್ಟ ಹೆಸರು ಬಂತು. ಸೊಂಟಕ್ಕೆ ಕಟ್ಟಿಕೊಂಡರೆ ಸಕಲ ರೋಗವೂ ವಾಸಿ ಎಂಬ ವಿದ್ಯುತ್ ಪಟ್ಟಿಗಳ ಜಾಹೀರಾತು ಪತ್ರಿಕೆಗಳ ತುಂಬ ಬರುತ್ತಿತ್ತು. ಎಲ್ಲಿ ಇಡಬೇಕೆಂಬ ದ್ಯೂಶೆನ್‌ನ ಪ್ರಶ್ನೆ ಆ ಗದ್ದಲದಲ್ಲಿ ಕೇಳಿಸದಾಯಿತು. ವೈದ್ಯರು ದೂರ ಸರಿದರು.

ಅದಕ್ಕೆ ಮರುಜೀವ ಬಂದದ್ದು 1961ರಲ್ಲಿ. ಲಕ್ವ ಹೊಡೆದವರಲ್ಲಿ ಬಹಳ ಮಂದಿಗೆ ನಡೆಯಲು ಬಂದರೂ ಪಾದದ ಮುಂಭಾಗ ಏಳುವುದಿಲ್ಲ. ಬೆರಳುಗಳು ನೆಲಕ್ಕೆ ತಾಗುತ್ತವೆ, ಚಪ್ಪಲಿಯ ತುದಿ ಸವೆಯುತ್ತದೆ, ಹೊಸ್ತಿಲು ಎಡವುತ್ತದೆ. ಬೀಳದಿರಲು ಇಡೀ ಕಾಲನ್ನು ಹೊರಕ್ಕೆ ಬೀಸಿ ನಡೆಯುತ್ತಾರೆ. ವೈದ್ಯರು ಇದನ್ನು ‘ಫುಟ್ ಡ್ರಾಪ್’ ಎನ್ನುತ್ತಾರೆ. ಕೀವ್‌ನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ್ದ ವ್ಲಾದಿಮಿರ್ ಲಿಬರ್‌ಸನ್ ಮತ್ತು ಸಂಗಡಿಗರು ಇದಕ್ಕೆ ಜಾಣ ಉಪಾಯವೊಂದನ್ನು ಪ್ರಕಟಿಸಿದರು. ರೋಗಿಯ ಬೂಟಿನೊಳಗೆ ಹಿಮ್ಮಡಿಯ ಕೆಳಗೊಂದು ಸ್ವಿಚ್ಚು, ಮೈಮೇಲೆ ಹೊತ್ತೊಯ್ಯಬಹುದಾದ ಚಿಕ್ಕ ಪೆಟ್ಟಿಗೆ, ಮಂಡಿಯ ಕೆಳಗೆ ಪೆರೋನಿಯಲ್ ನರದ ಮೇಲೆ ಎಲೆಕ್ಟ್ರೋಡ್. ನಡೆಯುವಾಗ ಹಿಮ್ಮಡಿ ನೆಲ ಬಿಟ್ಟೊಡನೆ ಕರೆಂಟು ಹರಿದು ಪಾದ ಏಳುತ್ತದೆ. ಹಿಮ್ಮಡಿ ನೆಲ ಮುಟ್ಟಿದೊಡನೆ ನಿಲ್ಲುತ್ತದೆ. ಮಿದುಳು ಮರೆತ ಆಜ್ಞೆಯನ್ನು ಬೂಟು ಕೊಡುತ್ತದೆ! ಕೆಲವರು ಯಂತ್ರ ತೆಗೆದ ಮೇಲೂ ಸ್ವಲ್ಪ ಹೊತ್ತು ತಾವಾಗಿಯೇ ಪಾದ ಎತ್ತಿದರೆಂದೂ ಲಿಬರ್‌ಸನ್ ದಾಖಲಿಸಿದ.

ಅಂದಿನ ಯುಗೋಸ್ಲಾವಿಯಾದ ಲ್ಯುಬ್ಲಿಯಾನಾದಲ್ಲಿ ಲೋಯ್ಜೆ ವೊಡೊವ್ನಿಕ್‌ನ ತಂಡ ಈ ಸಾಧನವನ್ನು ರೋಗಿಗಳ ದಿನಬಳಕೆಗೆ ಒಗ್ಗಿಸಿತು. ಇಂಗ್ಲೆಂಡಿನ ಸಾಲ್ಸ್‌ಬರಿಯಲ್ಲಿ ‘ಓಡ್‌ಸ್ಟಾಕ್’ ಹೆಸರಿನ ಸಾಧನ ಬಂತು. ಮಿದುಳು ಅಥವಾ ಬೆನ್ನುಹುರಿಯ ಹಾನಿಯಿಂದ ಪಾದ ಜೋತುಬಿದ್ದವರಿಗೆ ಈ ಚಿಕಿತ್ಸೆ ಕೊಡಬಹುದೆಂದು ಬ್ರಿಟನ್ನಿನ ಆರೋಗ್ಯ ಮಾರ್ಗದರ್ಶಿ ಸಂಸ್ಥೆ ನೈಸ್ 2009ರಲ್ಲಿ ಒಪ್ಪಿತು. ಹಾಗೆಂದು ಇದು ಪವಾಡವಲ್ಲ. ಲಕ್ವ ಪೀಡಿತರಾದ 197 ಮಂದಿಯ ಮೇಲೆ ಅಮೆರಿಕದಲ್ಲಿ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕರೆಂಟಿನ ಸಾಧನ ಬಳಸಿದವರೂ ಪ್ಲಾಸ್ಟಿಕ್ ಪಾದಪಟ್ಟಿ ಕಟ್ಟಿಕೊಂಡವರೂ ನಡಿಗೆಯ ವೇಗದಲ್ಲಿ ಹೆಚ್ಚು ಕಡಿಮೆ ಒಂದೇ ಬಗೆಯಲ್ಲಿ ಸುಧಾರಿಸಿದರು. ಸಮಾಧಾನ ಮಾತ್ರ ಸಾಧನ ಬಳಸಿದವರಿಗೆ ಹೆಚ್ಚಿತ್ತು. ಬೆಲೆಯಲ್ಲಿ ಎರಡಕ್ಕೂ ಅಜಗಜಾಂತರ. ನಮ್ಮಂಥ ಕಡೆ ಇದು ಸಣ್ಣ ಮಾತಲ್ಲ.

ಇಲ್ಲೊಂದು ಮುಖ್ಯ ಸಂಗತಿ. ಈ ಉಪಾಯವೆಲ್ಲ ನಡೆಯುವುದು ಮಂಡಿಯಿಂದ ಕೆಳಗಿನ ನರ ಜೀವಂತವಿದ್ದರೆ ಮಾತ್ರ. ಲಕ್ವದಲ್ಲಿ ಕೆಟ್ಟಿರುವುದು ಮಿದುಳು, ಕಾಲಿನ ನರ ನೆಟ್ಟಗಿರುತ್ತದೆ. ಆದರೆ ನಮ್ಮಲ್ಲಿ ಪಾದ ಜೋತುಬೀಳಲು ಬೇರೆ ಕಾರಣಗಳೂ ಉಂಟು. ಕುಷ್ಠರೋಗದ ಸೂಕ್ಷ್ಮಾಣು ಫಿಬುಲಾದ ಕೊರಳಿನ ಬಳಿಯ ಇದೇ ನರವನ್ನು ಊದಿಸಿ ಕೊಲ್ಲುತ್ತದೆ. ಪೃಷ್ಠಕ್ಕೆ ತಪ್ಪು ಜಾಗದಲ್ಲಿ ಚುಚ್ಚಿದ ಇಂಜೆಕ್ಷನ್ನಿನಿಂದ, ಬೈಕ್ ಅಪಘಾತದಲ್ಲಿ ಮಂಡಿಗೆ ಬಿದ್ದ ಪೆಟ್ಟಿನಿಂದ ನರ ಹಾಳಾಗುವುದುಂಟು. ನರ ಸತ್ತಿದ್ದರೆ ಅದರ ಮೇಲೆ ಎಷ್ಟು ಕರೆಂಟು ಹಾಯಿಸಿದರೂ ಪಾದ ಏಳದು. 1860ರ ದಶಕದಲ್ಲೇ ಜರ್ಮನಿಯ ವಿಲ್‌ಹೆಲ್ಮ್ ಏರ್ಬ್ ಈ ವ್ಯತ್ಯಾಸವನ್ನು ಪರೀಕ್ಷೆಯಾಗಿ ರೂಪಿಸಿದ್ದ. ನರ ಕಳೆದುಕೊಂಡ ಸ್ನಾಯು ಸುರುಳಿ ಯಂತ್ರದ ಚುಟುಕು ಅಲೆಗಳಿಗೆ ಓಗೊಡುವುದಿಲ್ಲ, ಬ್ಯಾಟರಿಯ ದೀರ್ಘ ಪ್ರವಾಹಕ್ಕೆ ಮಾತ್ರ ನಿಧಾನವಾಗಿ, ಹುಳದಂತೆ ಹೊರಳುತ್ತದೆ. ಎಲೆಕ್ಟ್ರೋಡ್ ಚಿಕಿತ್ಸೆಗಷ್ಟೇ ಅಲ್ಲದೆ ರೋಗನಿರ್ಣಯಕ್ಕೂ ಬಂತು. ಹೆಲ್ಮ್‌ಹೋಲ್ಟ್ಸ್ 1850ರಲ್ಲಿ ಕಪ್ಪೆಯ ನರದಲ್ಲಿ ಸಂದೇಶದ ವೇಗವನ್ನು ಸೆಕೆಂಡಿಗೆ ಸುಮಾರು 27 ಮೀಟರ್ ಎಂದು ಅಳೆದಿದ್ದ. 1948ರ ನಂತರ ರೋಗಿಗಳ ನರಗಳ ವೇಗ ಅಳೆಯುವುದು ಆಸ್ಪತ್ರೆಗೆ ಬಂತು. ಇಂದಿಗೂ ಮಂಡಿಯ ಬದಿಯಲ್ಲಿ ಒಮ್ಮೆ, ಪಾದದ ಕೀಲಿನ ಮುಂದೆ ಒಮ್ಮೆ ಕರೆಂಟು ತಾಗಿಸಿ, ಪಾದದ ಮೇಲಿನ ಪುಟ್ಟ ಸ್ನಾಯು ಎಷ್ಟು ಹೊತ್ತಿಗೆ ಓಗೊಟ್ಟಿತೆಂದು ಯಂತ್ರ ಲೆಕ್ಕ ಹಾಕುತ್ತದೆ.

ನರ ಸತ್ತ ಪಾದಕ್ಕೆ ದಾರಿಯೇ ಇಲ್ಲವೇ? ಇದೆ, ಆದರೆ ಅದು ತಂತಿಯ ದಾರಿಯಲ್ಲ. 1946ರಲ್ಲಿ ವೆಲ್ಲೂರಿಗೆ ಬಂದ ಪಾಲ್ ಬ್ರಾಂಡ್ ಮತ್ತು ಆತನ ಜೊತೆಗಾರರು ಕುಷ್ಠರೋಗಿಗಳ ಕೈಕಾಲುಗಳಿಗೆ ಸ್ನಾಯುರಜ್ಜು ಬದಲಿಸುವ ಶಸ್ತ್ರಚಿಕಿತ್ಸೆಯನ್ನು ಬೆಳೆಸಿದರು. ಪಾದವನ್ನು ಒಳಕ್ಕೆಳೆಯುವ, ಇನ್ನೂ ಜೀವವಿರುವ ಸ್ನಾಯುವಿನ ತುದಿಯನ್ನು ಬಿಡಿಸಿ ಪಾದದ ಮುಂಭಾಗಕ್ಕೆ ತಂದು ಕಟ್ಟುತ್ತಾರೆ. ಗೊಂಬೆಯ ದಾರವನ್ನೇ ಬೇರೆ ಕಡೆ ಗಂಟು ಹಾಕಿದ ಹಾಗೆ.

ನೋವಿನ ಬಾಗಿಲು

ಪಾದ ಎತ್ತುವುದು ಒಂದು ಕೆಲಸ, ನೋವು ತಗ್ಗಿಸುವುದು ಇನ್ನೊಂದು. ಸ್ಕ್ರಿಬೋನಿಯಸ್ ಹೊರಟದ್ದು ಎರಡನೆಯದಕ್ಕೆ. ಅವನ ಮೀನಿಗೆ ವಿವರಣೆ ಸಿಗಲು 1965ರವರೆಗೆ ಕಾಯಬೇಕಾಯಿತು. ಆ ವರ್ಷ ರೊನಾಲ್ಡ್ ಮೆಲ್ಜಾಕ್ ಮತ್ತು ಪ್ಯಾಟ್ರಿಕ್ ವಾಲ್ ಒಂದು ಸಿದ್ಧಾಂತ ಮುಂದಿಟ್ಟರು. ಬೆನ್ನುಹುರಿಯಲ್ಲಿ ನೋವಿಗೊಂದು ಬಾಗಿಲಿದೆ, ಸ್ಪರ್ಶದ ಸಂದೇಶಗಳು ಹೆಚ್ಚಾಗಿ ನುಗ್ಗಿದರೆ ಆ ಬಾಗಿಲು ಓರೆಯಾಗಿ ನೋವಿನ ಸಂದೇಶ ಕಡಿಮೆ ದಾಟುತ್ತದೆ ಎಂಬುದು ಅದರ ಸಾರ. ಬೆರಳು ಎಡವಿದಾಗ ಕೈ ತಾನಾಗಿಯೇ ಹೋಗಿ ಉಜ್ಜುವುದಕ್ಕೆ ಇದೇ ವಿವರಣೆ. ವಿವರಗಳಲ್ಲಿ ಆಮೇಲೆ ಬಹಳ ತಿದ್ದುಪಡಿಗಳಾದವು. ಆದರೆ 1967ರಲ್ಲಿ ವಾಲ್ ಮತ್ತು ವಿಲಿಯಂ ಸ್ವೀಟ್ ನರಗಳಿಗೆ ಹಗುರ ಕರೆಂಟು ಕೊಟ್ಟು ನೋವು ತಾತ್ಕಾಲಿಕವಾಗಿ ತಗ್ಗುವುದನ್ನು ತೋರಿಸಿದರು. ‘ಟೆನ್ಸ್’ ಎಂದು ಕರೆಯುವ, ಅಂಗೈಯಲ್ಲಿ ಹಿಡಿಯುವ ಪೆಟ್ಟಿಗೆಗಳು ಎಪ್ಪತ್ತರ ದಶಕದಲ್ಲಿ ಅಂಗಡಿಗೆ ಬಂದವು.

ಇಲ್ಲಿ ಪಟ್ಟಿ ಇಡುವ ಲೆಕ್ಕ ಬೇರೆ. ಸ್ನಾಯು ಕುಣಿಯಬೇಕಿಲ್ಲ. ನೋಯುವ ಜಾಗದ ಎರಡು ಬದಿಗೆ, ಇಲ್ಲವೇ ಆ ಜಾಗಕ್ಕೆ ಬರುವ ನರದ ದಾರಿಯಲ್ಲಿ ಪಟ್ಟಿ ಇಟ್ಟು, ಜುಮುಜುಮು ನೋವಿನ ಮೇಲೆ ಹಾದು ಹೋಗುವಂತೆ ನೋಡಿಕೊಳ್ಳುತ್ತಾರೆ. ಹಿಮ್ಮಡಿ ನೋವಿಗೆ ಪಾದದ ಕೀಲಿನ ಒಳಬದಿ, ಪಾದದ ಮೇಲ್ಭಾಗದ ನೋವಿಗೆ ಮೊಳಕಾಲಿನ ಹೊರಬದಿ. ಪ್ರಯೋಜನ ಎಷ್ಟೆಂಬುದರಲ್ಲಿ ತಜ್ಞರಲ್ಲಿ ಒಮ್ಮತವಿಲ್ಲ. ಅಮೆರಿಕದ ನರರೋಗ ತಜ್ಞರ ಅಕಾಡೆಮಿ 2010ರಲ್ಲಿ ಅಧ್ಯಯನಗಳನ್ನೆಲ್ಲ ತೂಗಿ ನೋಡಿ, ದೀರ್ಘಕಾಲದ ಸೊಂಟನೋವಿಗೆ ಟೆನ್ಸ್ ಶಿಫಾರಸು ಮಾಡಲಾಗದು, ಸಕ್ಕರೆ ಕಾಯಿಲೆಯಿಂದ ಬರುವ ನರದ ನೋವಿಗೆ ಪ್ರಯತ್ನಿಸಬಹುದು ಎಂದಿತು. ಫ್ರಾಂಕ್ಲಿನ್‌ನ ಐದನೆಯ ದಿನದ ಅನುಮಾನ ಪೂರ್ತಿ ಹೋಗಿಲ್ಲ.

ಆದರೆ ಸಕ್ಕರೆ ಕಾಯಿಲೆಯ ಪಾದದಲ್ಲೇ ಅಪಾಯವೂ ಇದೆ. ರೋಮ್‌ನ ರೋಗಿಗೆ ಜೋಮು ಹಿಡಿದರೆ ಅದು ಚಿಕಿತ್ಸೆ ಸಾಕೆಂಬ ಗುರುತು. ಸಕ್ಕರೆ ಕಾಯಿಲೆ ಹಳೆಯದಾದವರ ಪಾದ ಮೊದಲೇ ಜೋಮು ಹಿಡಿದಿರುತ್ತದೆ. ಪಟ್ಟಿ ಸರಿಯಾಗಿ ಅಂಟದೆ ಒಂದೇ ಅಂಚಿನಲ್ಲಿ ಕರೆಂಟು ನುಗ್ಗಿ ಚರ್ಮ ಸುಡುತ್ತಿದ್ದರೂ ಅವರಿಗೆ ಗೊತ್ತಾಗುವುದಿಲ್ಲ. ಗೊತ್ತಾಗಲಿಲ್ಲವೆಂದು ಮನೆಯಲ್ಲಿ ತಾವೇ ಗುಂಡಿ ತಿರುಗಿಸಿ ಇನ್ನಷ್ಟು ಹೆಚ್ಚಿಸುವವರಿದ್ದಾರೆ. ಅಂಥ ಪಾದದ ಗಾಯ ಬೇಗ ಮಾಯುವುದಿಲ್ಲ. ಹೃದಯಕ್ಕೆ ಪೇಸ್‌ಮೇಕರ್ ಹಾಕಿಸಿಕೊಂಡವರು, ಮೀನಖಂಡದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿರುವವರು ವೈದ್ಯರನ್ನು ಕೇಳದೆ ಈ ಪಟ್ಟಿಗಳ ತಂಟೆಗೆ ಹೋಗಬಾರದು. ಬಲ್ಲ ಫಿಸಿಯೋಥೆರಪಿಸ್ಟ್ ಯಂತ್ರದ ಸ್ವಿಚ್ಚು ಹಾಕುವ ಮೊದಲು ರೋಗಿಯ ಕಣ್ಣು ಮುಚ್ಚಿಸಿ, ಪಟ್ಟಿ ಅಂಟಿಸುವ ಜಾಗವನ್ನು ಹತ್ತಿಯ ಎಳೆಯಿಂದ ಸವರಿ, ಪಿನ್ನಿನ ಮೊನೆಯಿಂದ ಮೆಲ್ಲಗೆ ಒತ್ತಿ, ಯಾವುದು ಹತ್ತಿ, ಯಾವುದು ಪಿನ್ನು ಎಂದು ಕೇಳುತ್ತಾರೆ. ಹೇಳಲಾಗದಿದ್ದರೆ ಪಟ್ಟಿ ಅಲ್ಲಿ ಇಡುವುದಿಲ್ಲ.